ಓಡಿದರೆ ಸಾಕೆ?

ಅಪಘಾತವಾದ ಮನೆಯಲ್ಲಿ ಮೊದಲ ಕೆಲವು ದಿನ ವಾಹನದ ಮಾತನ್ನು ಯಾರೂ ಎತ್ತುವುದಿಲ್ಲ. ಬಿದ್ದವನ ಗಾಯ, ಆಸ್ಪತ್ರೆಯ ಖರ್ಚು, ನೋಡಲು ಬರುವ ನೆಂಟರಿಷ್ಟರು, ದೊಡ್ಡ ಗಂಡಾಂತರ ಸಣ್ಣದರಲ್ಲಿ ಕಳೆಯಿತೆಂಬ ಸಮಾಧಾನ, ಇವುಗಳಲ್ಲಿಯೇ ಹೊತ್ತು ಹೋಗುತ್ತದೆ. ಗಾಯ ಒಣಗತೊಡಗಿದಂತೆ ಅಂಗಳದ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತ ಮೋಟಾರ್ ಸೈಕಲ್ಲಿನ ನೆನಪಾಗುತ್ತದೆ. ಅದಿಲ್ಲದೆ ಅಂಗಡಿಗೆ ಹೋಗುವುದು ತಡವಾಗುತ್ತಿದೆ, ಮಕ್ಕಳ ಟ್ಯೂಷನ್ ತಪ್ಪುತ್ತಿದೆ. ಕೊನೆಗೊಂದು ದಿನ ಅದನ್ನು ಟೆಂಪೊಗೆ ಏರಿಸಿ ಮೆಕ್ಯಾನಿಕ್ಕನಲ್ಲಿಗೆ ಕಳಿಸುವಾಗ ಮನೆಯ ಯಜಮಾನರ ಬಾಯಿಂದ ಹೊರಡುವ ಮಾತು ಬಹುಮಟ್ಟಿಗೆ ಒಂದೇ: "ಹೇಗಾದರೂ ಮಾಡಿ ಓಡುವ ಹಾಗೆ ಮಾಡಿಕೊಡಪ್ಪ." ಕೇಳಲು ಸಾಧುವಾದ ಈ ಮಾತಿನೊಳಗೆ ಎಷ್ಟು ಅರ್ಥ, ಎಷ್ಟು ಅನರ್ಥ ಅಡಗಿದೆ ಎಂಬುದನ್ನು ವಿಚಾರಿಸಬೇಕಾಗಿದೆ.

ತುಮಕೂರು ಸೀಮೆಯವರಿಗೆ ಇದು ದೂರದ ಪ್ರಶ್ನೆಯಲ್ಲ. ನಗರವನ್ನು ಹಾದು ಬೆಂಗಳೂರು–ಪುಣೆ ಹೆದ್ದಾರಿ ಹೋಗುತ್ತದೆ. ಪಶ್ಚಿಮಕ್ಕೆ ಹೊರಟರೆ ಗುಬ್ಬಿ, ನಿಟ್ಟೂರು, ತಿಪಟೂರುಗಳ ಹೆದ್ದಾರಿ. ದಕ್ಷಿಣಕ್ಕೆ ಕುಣಿಗಲ್, ಅಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಯ ಓಟ. ಲಾರಿ, ಬಸ್ಸು, ತೆಂಗಿನಕಾಯಿ ಹೇರಿದ ಟ್ರ್ಯಾಕ್ಟರುಗಳ ನಡುವೆ ಗಂಡ, ಹೆಂಡತಿ, ಮಗು, ಮುಂದೊಂದು ಚೀಲ ಇಷ್ಟನ್ನೂ ಹೊತ್ತ ಮೋಟಾರ್ ಸೈಕಲ್ ಈ ರಸ್ತೆಗಳಲ್ಲಿ ಪ್ರತಿದಿನದ ನೋಟ. ಮಂದರಗಿರಿಯ ಬಸದಿಗಳ ದರ್ಶನಕ್ಕೆ ಮುಂಜಾನೆ ಹೋಗಿಬರುವವರೂ ಬಹುಪಾಲು ಇದರಲ್ಲಿಯೇ. ಮೂಕಪ್ರಾಣಿಯ ಮೇಲೆ ಮಿತಿಮೀರಿ ಭಾರ ಹೇರುವುದನ್ನು ಅಹಿಂಸಾಣುವ್ರತದ ಅತಿಚಾರಗಳಲ್ಲಿ ಒಂದಾಗಿ ಎಣಿಸಿರುವುದು ಶ್ರಾವಕರಿಗೆ ಗೊತ್ತು. ಯಂತ್ರಕ್ಕೆ ನೋವಿಲ್ಲ, ನಿಜ. ಆದರೆ ಅದರ ಮೇಲೆ ಕುಳಿತವರಿಗೆ ನೋವುಂಟು.

ಅಪಘಾತದ ನೀತಿಯನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಡಿಕ್ಕಿಯ ಕ್ಷಣವನ್ನೇ ಹಿಡಿದುಕೊಳ್ಳುತ್ತಾರೆ. ವೇಗ ಎಷ್ಟಿತ್ತು, ತಪ್ಪು ಯಾರದು, ದೀಪ ಉರಿಯುತ್ತಿತ್ತೆ ಇತ್ಯಾದಿ. ಆ ಕ್ಷಣಕ್ಕೆ ಯೋಚನೆಗೆ ಎಡೆ ಇರುವುದೇ ಇಲ್ಲ. ಎಲ್ಲವೂ ಅರೆನಿಮಿಷದೊಳಗೆ ಮುಗಿದುಹೋಗುತ್ತದೆ. ದುರಸ್ತಿಯ ಕಾಲ ಹಾಗಲ್ಲ. ಅದಕ್ಕೆ ಹತ್ತು ದಿನವೋ ಹದಿನೈದು ದಿನವೋ ಬೇಕು. ಮನಸ್ಸು ಶಾಂತವಾಗಿರುತ್ತದೆ, ಕೇಳಿ ತಿಳಿಯಲು ಜನ ಇರುತ್ತಾರೆ, ಲೆಕ್ಕ ಹಾಕಲು ಬಿಡುವಿರುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ ಪ್ರಮಾದವನ್ನು ಅದರ ಮೂಲವಾಗಿ ಇಡುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನಷ್ಟು ಬಿಡಿಸುತ್ತಾರೆ. ಎಚ್ಚರದಿಂದ ನಡೆದವನ ಕೈಯಲ್ಲಿ ಜೀವಹಾನಿಯಾದರೂ ಅವನು ಹಿಂಸಕನಾಗದಿರಬಹುದು; ಎಚ್ಚರಗೆಟ್ಟವನು ಯಾವ ಜೀವವೂ ಸಾಯದಿದ್ದರೂ ಹಿಂಸೆಗೆ ಹೊಣೆಯಾಗುತ್ತಾನೆ ಎಂಬುದು ಅವರ ವಿವೇಚನೆಯ ತಿರುಳು. ಈ ಅಳತೆಗೋಲಿನಿಂದ ನೋಡಿದರೆ ರಸ್ತೆಯಲ್ಲಿ ತಪ್ಪಿದ ಅರೆಕ್ಷಣದ ಎಚ್ಚರಕ್ಕಿಂತ, ಮೆಕ್ಯಾನಿಕ್ಕನ ಅಂಗಡಿಯಲ್ಲಿ ತಿಳಿದೂ ತಿಳಿದೂ ಬಿಟ್ಟ ಎಚ್ಚರ ಭಾರವಾದದ್ದು.

ಆದರೆ ಯಂತ್ರಕ್ಕೆ ಮುನ್ನ ಮನುಷ್ಯ. ಗುಬ್ಬಿ ತಾಲ್ಲೂಕಿನ ಹರೀಶ್ ನಂಜಪ್ಪನವರ ಹೆಸರನ್ನು ಇಲ್ಲಿ ನೆನೆಯದಿದ್ದರೆ ಲೋಪವಾದೀತು. 2016ರ ಫೆಬ್ರವರಿ 16ರಂದು ಊರಿನಿಂದ ಬೆಂಗಳೂರಿಗೆ ಮೋಟಾರ್ ಸೈಕಲ್ಲಿನಲ್ಲಿ ಹಿಂದಿರುಗುತ್ತಿದ್ದ ಆ ತರುಣ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿದರು. ದೇಹ ಎರಡಾಗಿದ್ದರೂ ಪ್ರಜ್ಞೆ ಉಳಿದಿತ್ತು. ಆ ಸ್ಥಿತಿಯಲ್ಲಿ ಅವರು ಕೇಳಿಕೊಂಡದ್ದು, ತಮ್ಮ ಅಂಗಾಂಗಗಳನ್ನು ದಾನಮಾಡಿ ಎಂದು. ಅವರು ಉಳಿಯಲಿಲ್ಲ. ಹೆಲ್ಮೆಟ್ ಧರಿಸಿದ್ದರಿಂದ ಕಣ್ಣುಗಳಿಗೆ ಪೆಟ್ಟಾಗಿರಲಿಲ್ಲ, ಅವು ದಾನವಾದವು. ಮುಂದಿನ ತಿಂಗಳಲ್ಲಿಯೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿಗಳವರೆಗಿನ ಚಿಕಿತ್ಸೆಗೆ ಏರ್ಪಾಡು ಮಾಡಿತು. ಅದೇ ಮಾರ್ಚ್ 30ರಂದು, ಗಾಯಾಳುವಿಗೆ ನೆರವಾದ ದಾರಿಹೋಕನನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯಿದೆಯೊಳಗೂ ಸೇರಿತು. ಬಿದ್ದವರನ್ನು ಎತ್ತಲು ಇದ್ದ ಹಳೆಯ ಅಂಜಿಕೆಗೆ ಈಗ ಆಧಾರವಿಲ್ಲ.

ಹೆಲ್ಮೆಟ್ಟಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳಿಬಿಡಬಹುದು. ಅದರ ಹೊರಚಿಪ್ಪಿನ ಒಳಗೆ ಥರ್ಮೊಕೋಲಿನಂಥ ಒಂದು ಪದರವಿರುತ್ತದೆ. ಪೆಟ್ಟು ಬಿದ್ದಾಗ ತಾನು ನಜ್ಜಾಗಿ ತಲೆಯನ್ನು ಕಾಯುವುದೇ ಅದರ ಕೆಲಸ. ಒಮ್ಮೆ ನಜ್ಜಾದ ಪದರ ಮತ್ತೆ ಉಬ್ಬುವುದಿಲ್ಲ. ಹೊರಗಿನ ಚಿಪ್ಪಿನಲ್ಲಿ ಒಂದು ಗೀರು ಮಾತ್ರ ಕಾಣುತ್ತಿರಬಹುದು. ಒಳಗೆ ಅದು ತನ್ನ ಕೆಲಸವನ್ನು ಮುಗಿಸಿಬಿಟ್ಟಿರುತ್ತದೆ. ಅದನ್ನು ಒರೆಸಿ ಮತ್ತೆ ತಲೆಗೇರಿಸುವುದು ಖಾಲಿ ಪೆಟ್ಟಿಗೆಗೆ ಬೀಗ ಹಾಕಿದಂತೆ. ಮೋಟಾರ್ ಸೈಕಲ್ಲಿನ ವಿಷಯದಲ್ಲಿಯೂ ಆಗುವುದು ಇದೇ, ಮರೆಗಳು ಮಾತ್ರ ಹೆಚ್ಚು.

ದುರಸ್ತಿಗೆ ಕೈಹಾಕುವ ಮುನ್ನ ಕಾನೂನಿನ ಕೆಲಸ ಮುಗಿಯಬೇಕು. 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮಿನಂತೆ ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದು ಚಾಲಕನ ಹೊಣೆ. 24 ಗಂಟೆಗಳೊಳಗೆ ಪೊಲೀಸರಿಗೆ ತಿಳಿಸುವುದೂ ಅವನದೇ. ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ ವಾಹನವನ್ನು ಇನ್‌ಸ್ಪೆಕ್ಟರು ಪರೀಕ್ಷಿಸುವ ಮೊದಲೇ ಬಡಿದು ನೇರಮಾಡಿಸುವುದೆಂದರೆ ಆ ಇನ್ನೊಬ್ಬರ ಪರವಾದ ಸಾಕ್ಷ್ಯವನ್ನು ಅಳಿಸಿದಂತೆ. ಠಾಣೆಯ ಅಂಗಳದಲ್ಲಿ ವಾಹನ ತುಕ್ಕು ಹಿಡಿದೀತೆಂಬ ಭಯಕ್ಕೆ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ: ಪಂಚನಾಮೆ, ಛಾಯಾಚಿತ್ರ, ಮುಚ್ಚಳಿಕೆ ಪಡೆದು ವಾಹನವನ್ನು ಬೇಗ ಬಿಟ್ಟುಕೊಡಬೇಕು. ಇನ್ನೊಂದು ಕೆಟ್ಟ ರೂಢಿಯೂ ಉಂಟು. ಓಡಿಸುತ್ತಿದ್ದ ಹುಡುಗನಿಗೆ ಲೈಸೆನ್ಸ್ ಇಲ್ಲವೆಂದು, ಓಡಿಸುತ್ತಿದ್ದವನು ತಾನೇ ಎಂದು ಚಿಕ್ಕಪ್ಪನೋ ಸೋದರಮಾವನೋ ಬರೆದುಕೊಡುವುದು. ಮನೆಯವರು ಇದನ್ನು ತ್ಯಾಗವೆಂದು ಕೊಂಡಾಡುವುದೂ ಇದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಇದಕ್ಕೆ ಕೂಟಲೇಖಕ್ರಿಯೆ ಎಂಬ ಹೆಸರಿದೆ. ಹುಡುಗ ಅಲ್ಲಿ ಕಲಿಯುವ ಮೊದಲ ಪಾಠ ಯಾವುದೆಂಬುದನ್ನು ಹಿರಿಯರೇ ಊಹಿಸಿಕೊಳ್ಳಲಿ.

ಇನ್ನು ಯಂತ್ರ. ನೆಟ್ಟಗೆ ನಿಲ್ಲಿಸಿದೊಡನೆ ಕಿಕ್ ಹೊಡೆಯುವುದು ಎಲ್ಲರ ಸ್ವಭಾವ. ಅದು ಸರಿಯಲ್ಲ. ಒಂದು ಮಗ್ಗುಲಿಗೆ ಬಹಳ ಹೊತ್ತು ಬಿದ್ದಿದ್ದ ವಾಹನದಲ್ಲಿ ಎಣ್ಣೆಯೋ ಪೆಟ್ರೋಲೋ ಸಿಲಿಂಡರಿಗೆ ಇಳಿದಿರಬಹುದು. ಗಾಳಿ ಕುಗ್ಗಿದಂತೆ ದ್ರವ ಕುಗ್ಗುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುವ ಸಂಭವವುಂಟು. ಸ್ಪಾರ್ಕ್ ಪ್ಲಗ್ ತೆಗೆದು, ಎಂಜಿನ್ನನ್ನು ಮೆಲ್ಲನೆ ತಿರುಗಿಸಿ, ಒಳಗಿನದು ಹೊರಬಿದ್ದ ಮೇಲೆ ಮುಂದಿನ ಮಾತು. ಏರ್ ಫಿಲ್ಟರು ಎಣ್ಣೆಯಲ್ಲಿ ನೆನೆದಿದೆಯೇ, ಗೇರ್ ಪೆಡಲಿನ ಪೆಟ್ಟಿಗೆ ಎಂಜಿನ್ನಿನ ಕವಚ ಸೀಳಿ ಎಣ್ಣೆ ಸೋರಿದೆಯೇ ಎಂಬುದನ್ನು ಕಾಣಬೇಕು. ಎಣ್ಣೆಯಿಲ್ಲದೆ ಕೆಲವು ನಿಮಿಷ ಓಡಿದರೂ ಒಳಭಾಗಗಳು ಕಚ್ಚಿಕೊಳ್ಳುತ್ತವೆ. ಬಾಗಿದ ಹ್ಯಾಂಡಲಿನ ತುದಿಯಲ್ಲಿ ಆಕ್ಸಿಲರೇಟರ್ ಹಿಡಿ ಸಿಕ್ಕಿಕೊಂಡಿದ್ದರೆ ಎಂಜಿನ್ ಚಾಲೂ ಆದ ಕೂಡಲೇ ಆರ್ಭಟಿಸಿ ಮುನ್ನುಗ್ಗುತ್ತದೆ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ವಾಹನಗಳಲ್ಲಿ ಹಲವಕ್ಕೆ, ಉರುಳಿದೊಡನೆ ಎಂಜಿನ್ನನ್ನು ತಾನಾಗಿ ನಿಲ್ಲಿಸುವ ಒಂದು ಸಣ್ಣ ಸಾಧನವಿದೆ. ಕೀಲಿಯನ್ನು ಒಮ್ಮೆ ತೆಗೆದು ಹಾಕುವವರೆಗೆ ಅವು ಏಳುವುದಿಲ್ಲ. ಅದನ್ನರಿಯದೆ ಎಂಜಿನ್ ಕೆಟ್ಟಿತೆಂದು ಬಿಚ್ಚಿಸಿ ಹಣ ಕಳೆದುಕೊಂಡವರೂ ಇದ್ದಾರು.

ಎಂಜಿನ್ ಚಾಲೂ ಆಯಿತೆಂದರೆ ಮನೆಮಂದಿಗೆ ಕೆಲಸ ಮುಗಿದಂತೆ. ನಿಜವಾದ ಕೆಲಸ ಆಗ ಆರಂಭ. ಎಂಜಿನ್ ಕೆಟ್ಟರೆ ವಾಹನ ನಿಲ್ಲುತ್ತದೆ, ಅಷ್ಟೆ. ಮುಂದಿನ ಫೋರ್ಕು, ಚಾಸಿ, ಚಕ್ರದ ಆಕ್ಸಲ್, ಬ್ರೇಕು, ಇವು ಕೆಟ್ಟರೆ ವಾಹನ ನಿಲ್ಲುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕಾಲು ನೊಂದ ಕುದುರೆ ಕುಂಟುತ್ತದೆ, ಹೆಜ್ಜೆ ಇಡಲು ಒಲ್ಲೆನೆನ್ನುತ್ತದೆ, ಸವಾರನಿಗೆ ತನ್ನ ನೋವನ್ನು ತಿಳಿಸುತ್ತದೆ. ಕಬ್ಬಿಣ ಕುಂಟುವುದಿಲ್ಲ. ಒಳಗೆ ಸೀಳಿದ್ದರೂ ಹೊತ್ತ ಭಾರವನ್ನು ಹೊರುತ್ತಲೇ ಇದ್ದು, ಒಂದು ದಿನ ಹಳ್ಳಕ್ಕೆ ಇಳಿದಾಗ ಏಕಾಏಕಿ ಕೈಬಿಡುತ್ತದೆ.

ಮುಂದಿನ ಭಾಗ ಸೊಟ್ಟಗಾದಂತೆ ಕಂಡದ್ದೆಲ್ಲ ಬಾಗಿರುವುದಿಲ್ಲ. ಎಷ್ಟೋ ವೇಳೆ ಹಿಡಿಕೆಗಳಲ್ಲಿ ತಿರುಚಿಕೊಂಡಿರುತ್ತದೆ. ಬೋಲ್ಟು ಸಡಿಲಿಸಿ ನೇರಮಾಡಿ ಬಿಗಿದರೆ ಆಯಿತು. ಅನುಮಾನವಿದ್ದರೆ ಫೋರ್ಕಿನ ಕೊಳವೆಯನ್ನು ಕಳಚಿ ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ ನೋಡಬೇಕು. ಬಾಗಿದ್ದರೆ ಅಡಿಯಲ್ಲಿ ಬೆಳಕು ಇಣುಕುತ್ತದೆ. ಸ್ವಲ್ಪ ಬಾಗಿದ್ದನ್ನು, ಕಂಪನಿ ಹೇಳಿದ ಮಿತಿಯೊಳಗಿದ್ದರೆ, ಪ್ರೆಸ್ಸಿನಲ್ಲಿಟ್ಟು ನೇರಗೊಳಿಸುವವರಿದ್ದಾರೆ. ಮಡಿಕೆ ಬಿದ್ದದ್ದನ್ನು ನೇರಮಾಡಿ ಪ್ರಯೋಜನವಿಲ್ಲ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುವುದು ಮಕ್ಕಳಿಗೂ ತಿಳಿದ ವಿದ್ಯೆ; ಪ್ರತಿ ಬಾಗಿಗೂ ಲೋಹ ಗಡುಸಾಗುತ್ತ ಬಂದು ಕಡೆಗೆ ಬಿರಿಯುತ್ತದೆ. ಕಾಯಿಸಿ ಬಡಿದರೆ ಬೇಗ ನೇರವಾಗುತ್ತದೆನ್ನುವುದು ನಿಜ. ಕಾರ್ಖಾನೆಯಲ್ಲಿ ಹದಗೊಳಿಸಿದ ಉಕ್ಕು ಅದರ ಜೊತೆಗೆ ಹದವನ್ನೂ ಕಳೆದುಕೊಳ್ಳುತ್ತದೆ. ಹ್ಯಾಂಡಲ್ ಕೂರುವ ಚಾಸಿಯ ಕತ್ತಿನ ಬಳಿ ಬಣ್ಣ ಎದ್ದಿದ್ದರೆ ಬೆಸುಗೆಯನ್ನು ಪರೀಕ್ಷಿಸಲೇಬೇಕು. ಇದಕ್ಕೊಂದು ಹಳೆಯ, ಅಗ್ಗದ ಉಪಾಯವಿದೆ. ಬಣ್ಣವನ್ನು ಉಜ್ಜಿ ತೆಗೆದು ಆ ಜಾಗಕ್ಕೆ ಸೀಮೆಎಣ್ಣೆ ಹಚ್ಚಬೇಕು. ಸ್ವಲ್ಪ ಹೊತ್ತಿನ ಮೇಲೆ ಪೂರ್ತಿ ಒರೆಸಿ ಒಣಗಿಸಿ ಸೀಮೆಸುಣ್ಣದ ಪುಡಿ ತೀಡಬೇಕು. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಮೆಲ್ಲನೆ ಹೊರಬಂದು ಬಿಳಿಯ ಸುಣ್ಣದ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಯನ್ನು ಬರೆಯುತ್ತದೆ. ಬಿರುಕಿಲ್ಲದಿದ್ದರೆ ಸುಣ್ಣ ಬಿಳಿಯಾಗಿಯೇ ಉಳಿಯುತ್ತದೆ.

ಚಕ್ರಗಳು ಒಂದೇ ಸಾಲಿನಲ್ಲಿವೆಯೇ ಎಂದು ತಿಳಿಯಲು ಎರಡು ದಾರ ಸಾಕು. ಹಿಂದಿನ ಟೈರಿನ ಎರಡೂ ಮಗ್ಗುಲಿನಿಂದ ಮುಂದಕ್ಕೆ ಎಳೆದು ಹಿಡಿದರೆ ಮುಂದಿನ ಟೈರಿನ ಎರಡು ಕಡೆಯೂ ಅಂತರ ಸಮನಾಗಿರಬೇಕು. ಇಷ್ಟೆಲ್ಲ ಮಾಡಿದರೂ ಓಡಿಸಿ ನೋಡುವುದು ಉಳಿದೇ ಇರುತ್ತದೆ. ತುಮಕೂರಿನ ಅಶೋಕ ರಸ್ತೆಯ ಜನಸಂದಣಿಯಲ್ಲಿ ಎತ್ತಿನಗಾಡಿಯ ವೇಗದಲ್ಲಿ ಹೋಗುವಾಗ ಯಾವ ದೋಷವೂ ತೋರುವುದಿಲ್ಲ. ಹ್ಯಾಂಡಲ್ ನಡುಗುವುದು, ಒಂದು ಕಡೆಗೆ ಎಳೆಯುವುದು ವೇಗ ಏರಿದ ಮೇಲೆ. ಎಂದರೆ ಗುಬ್ಬಿಯ ರಸ್ತೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗ. ಆದ್ದರಿಂದ ಖಾಲಿ ರಸ್ತೆಯಲ್ಲಿ, ಒಬ್ಬನೇ, ಹಂತಹಂತವಾಗಿ ವೇಗ ಏರಿಸಿ ನೋಡದೆ ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಳ್ಳುವುದು ಸಲ್ಲದು.

ದುರಸ್ತಿಯೇ ತಪ್ಪೆಂದು ಇದರ ಅರ್ಥವಲ್ಲ. ಹೊಸದೊಂದು ವಾಹನ ಹುಟ್ಟಬೇಕಾದರೆ ನೆಲ ಅಗೆಯಬೇಕು, ಅದಿರು ಕರಗಬೇಕು. ಅದರಲ್ಲಾಗುವ ಜೀವಹಾನಿಗೆ ಲೆಕ್ಕವಿಲ್ಲ. ಇದ್ದುದನ್ನು ಸರಿಪಡಿಸಿ ಬಳಸುವುದು ಪರಿಗ್ರಹ ಪರಿಮಾಣಕ್ಕೂ ಒಪ್ಪುವಂಥದು. ಬಡ ಹಾಲು ಮಾರುವವನಿಗೆ ಬೇರೆ ಗತಿಯೂ ಇಲ್ಲ. ಆದರೆ ಹಣ ಎಲ್ಲಿ ಖರ್ಚಾಗುತ್ತದೆಂಬುದನ್ನು ನೋಡಿದರೆ ವಿಷಾದವಾಗುತ್ತದೆ. ನುಗ್ಗಿದ ಟ್ಯಾಂಕಿಗೆ ಹೊಸ ಬಣ್ಣ, ಹೊಸ ಸ್ಟಿಕರು, ಹೊಳೆಯುವ ಕನ್ನಡಿ, ಇವಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ. ಫೋರ್ಕಿನ ಕೊಳವೆ ಹೊಸದು ಹಾಕಬೇಕೆಂದರೆ ಮಾತ್ರ, "ಇರುವುದನ್ನೇ ಒಂದಿಷ್ಟು ಅಡ್ಜಸ್ಟ್ ಮಾಡು" ಎನ್ನುತ್ತಾರೆ. ಟ್ಯಾಂಕಿನ ತಗ್ಗು ಹಾಗೆಯೇ ಇದ್ದರೆ ಯಾರ ಪ್ರಾಣವೂ ಹೋಗದು.

ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ಮೆಕ್ಯಾನಿಕ್ಕನ ಅಂಗಡಿಯಲ್ಲಿ ಕಣ್ಣಾರೆ ಕಾಣಬಹುದು. ಬಾಗಿದ್ದನ್ನು ಬಡಿದು ಕೂರಿಸಿದವನು ಮೆಕ್ಯಾನಿಕ್. ಹಾಗೆ ಮಾಡೆಂದು ಒತ್ತಾಯಿಸಿದವರು ಯಜಮಾನರು. ಇಷ್ಟು ಕಡಿಮೆ ಖರ್ಚಿನಲ್ಲಿ ಮುಗಿಸಿಕೊಂಡು ಬಂದನಲ್ಲ ಎಂದು ಮೆಚ್ಚಿದವರು ಮನೆಯ ಹಿರಿಯರು. ಮೆಕ್ಯಾನಿಕ್ಕನಿಗೆ ಕಬ್ಬಿಣದ ಸ್ಥಿತಿ ಗೊತ್ತಿರುತ್ತದೆ. ಬಾಯಿಬಿಟ್ಟು ಹೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅವನ ಮೌನಕ್ಕೆ ಬೆಲೆ ಕಟ್ಟಿದವರು ಯಾರು ಎಂಬ ಪ್ರಶ್ನೆ ಬಂದಾಗ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಅನೇಕರು ಬೇರೊಂದು ದಾರಿ ಹಿಡಿಯುತ್ತಾರೆ. ಬಿದ್ದ ಗಾಡಿ ಅಪಶಕುನವೆಂದು, ಬಣ್ಣ ಹೊಡೆಸಿ ಮಾರಿಬಿಡುತ್ತಾರೆ. ತಮ್ಮ ಮನೆಗೆ ಬೇಡವಾದ ಅಪಾಯವನ್ನು ಬೆಲೆಗೆ ಇನ್ನೊಬ್ಬರ ಮನೆಗೆ ದಾಟಿಸುತ್ತಾರೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರ ಎಂಬುದೊಂದಿದೆ: ಒಳ್ಳೆಯದರ ರೂಪದಲ್ಲಿ ಕೆಟ್ಟದ್ದನ್ನು ಮಾರುವುದು. ತುಪ್ಪದ ಕಲಬೆರಕೆಗೆ ಇದನ್ನು ಅನ್ವಯಿಸಲು ಯಾರೂ ಹಿಂದೆಗೆಯುವುದಿಲ್ಲ. ವಾಹನದ ವಿಷಯಕ್ಕೆ ಬಂದಾಗ ಅದು ವ್ಯಾಪಾರದ ಜಾಣತನವೆನಿಸಿಕೊಳ್ಳುತ್ತದೆ. ದುರಸ್ತಿಯ ವೆಚ್ಚ ವಿಮೆ ಮಾಡಿದ ಮೌಲ್ಯದ ಶೇಕಡ 75ನ್ನು ಮೀರಿದರೆ ವಾಹನ ಪೂರ್ತಿ ನಷ್ಟವೆಂದು ವಿಮಾ ಕಂಪನಿಗಳು ಲೆಕ್ಕ ಹಾಕುತ್ತವೆ. ಹಾಗೆ ಕೈಬಿಟ್ಟ ಗಾಡಿಯೂ ಗುಜರಿಯಿಂದ ಎದ್ದು ಮತ್ತೆ ರಸ್ತೆಗೆ ಬರಬಲ್ಲದು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರಿನಿಂದ ಇಂಥ ವಾಹನಗಳಲ್ಲಿ ಚೌಕಟ್ಟಿಗೆ ಪೆಟ್ಟಾದವಕ್ಕೆ 'ಎಸ್' ಎಂದೂ ಉಳಿದವಕ್ಕೆ 'ಎನ್' ಎಂದೂ ಗುರುತು ಹಾಕುತ್ತಾರೆ. ಕೊಳ್ಳುವವನು ವಿಚಾರಿಸಿ ತಿಳಿಯಬಹುದು. ಭಾರತದ ನೋಂದಣಿ ಪತ್ರದಲ್ಲಿ ಅಂಥ ಗುರುತಿಲ್ಲ. ಪತ್ರ ಮೌನವಾಗಿರುವಲ್ಲಿ ಮಾರುವವನ ನಾಲಗೆಯೊಂದೇ ಉಳಿದ ಸಾಕ್ಷಿ. ಹೇಳಿದರೆ ಮೂರು ನಾಲ್ಕು ಸಾವಿರ ಕಡಿಮೆಯಾದೀತು, ದಿಟ.

ಬಿಡಿಭಾಗ ಕೊಳ್ಳುವಾಗಲೂ ಒಂದು ಪ್ರಶ್ನೆ ಏಳುತ್ತದೆ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು. ಅಲ್ಲಿ ತಯಾರಾದ ಜಾವಾ, ಯೆಜ್ದಿಗಳನ್ನು ಇಂದಿಗೂ ಓಡಿಸುವ ಅಭಿಮಾನಿಗಳಿದ್ದಾರೆ, ಹಳೆಯ ಭಾಗಗಳನ್ನು ಗುಜರಿಯಲ್ಲಿ ಹುಡುಕಿ ಜೋಡಿಸುವ ಅವರ ತಾಳ್ಮೆ ಮೆಚ್ಚತಕ್ಕದ್ದು. ಆದರೆ ಹೊಚ್ಚಹೊಸ ಮಾದರಿಯ ಫೋರ್ಕು, ಚಕ್ರ, ರಸೀದಿಯಿಲ್ಲದೆ ಅರ್ಧ ಬೆಲೆಗೆ ಸಿಕ್ಕರೆ ಅದು ಯಾರ ಮನೆಯ ಮುಂದಿನಿಂದ ಬಂತೆಂದು ಕೇಳದಿರುವುದು ಬೇರೆ ಮಾತು. ಕದ್ದದ್ದನ್ನು ಕೊಳ್ಳುವುದಕ್ಕೂ ಅದೇ ಅತಿಚಾರಗಳ ಸಾಲಿನಲ್ಲಿ ಸ್ಥಾನವಿದೆ.

ಮಾರುವುದಕ್ಕಿಂತ ಸೂಕ್ಷ್ಮವಾದದ್ದು ಕೊಡುವುದು. ಮನೆಯ ಮಗನಿಗೆ ಹೊಸ ಗಾಡಿ ಬಂದು, ಬಿದ್ದ ಗಾಡಿ ಅಂಗಡಿಯ ಆಳಿಗೆ ಹೋಗುತ್ತದೆ. ದಾನಿಯೊಬ್ಬರು ತಮ್ಮ ಹಳೆಯ ಮೋಟಾರ್ ಸೈಕಲ್ಲನ್ನು ಬಸದಿಯ ಟ್ರಸ್ಟಿಗೆ ಒಪ್ಪಿಸುತ್ತಾರೆ. ಟ್ರಸ್ಟಿನವರು ಅದನ್ನು ಪುರೋಹಿತರಿಗೋ ಗುಮಾಸ್ತನಿಗೋ ಕೊಟ್ಟು ಉಪಕಾರ ಮಾಡಿದೆವೆಂದುಕೊಳ್ಳುತ್ತಾರೆ. ಪಡೆದವನು ಕೊಟ್ಟವರ ಮುಖ ನೋಡಿ, ಇದರ ಚಾಸಿ ಸರಿಯಿದೆಯೇ ಎಂದು ಕೇಳಲಾರ. ಕೊಳ್ಳುವವನಿಗಿರುವ ಚೌಕಾಸಿಯ ಹಕ್ಕೂ ಅವನಿಗಿಲ್ಲ. ಅವನು ಬೆಳಗಿನ ನಸುಕಿನಲ್ಲಿ ಹೂವು, ಹಾಲು, ತೆಂಗಿನಕಾಯಿ ಕಟ್ಟಿಕೊಂಡು ತುಮಕೂರಿನಿಂದ ಗುಬ್ಬಿ ದಾಟಿ ನಿಟ್ಟೂರಿನ ಹೊಯ್ಸಳರ ಕಾಲದ ಬಸದಿಗೆ ಹೋಗಬೇಕಾದವನಿರಬಹುದು. ಟ್ರಸ್ಟಿನ ಸಭೆಗಳಲ್ಲಿ ಜೀರ್ಣೋದ್ಧಾರಕ್ಕೆ ಲಕ್ಷಗಟ್ಟಲೆ ಮಂಜೂರಾಗುವಾಗ, ಕೆಲಸದವನು ಏರುವ ಗಾಡಿಯ ಫೋರ್ಕಿಗೆ ಹಣ ಕೇಳಿದರೆ ಮುಂದಿನ ಸಭೆಗೆ ನೋಡೋಣ ಎನ್ನುವುದು ಹೊಸತೇನಲ್ಲ. ಮಗನಿಗೆ ಬೇಡವೆನಿಸಿದ ವಾಹನ ಬೇರೆ ಯಾರ ಮಗನಿಗೂ ಬೇಡ ಎಂದು ತಿಳಿದು ಅದನ್ನು ಗುಜರಿಗೆ ಹಾಕಿ, ನೋಂದಣಿ ರದ್ದುಮಾಡಿಸಿದ ಮನೆಗಳೂ ಇಲ್ಲದಿಲ್ಲ.

ಉಳಿಸಿಕೊಳ್ಳಲು ತಕ್ಕದ್ದೆಂದು ತೀರ್ಮಾನವಾದ ವಾಹನದ ಜೊತೆಗೆ ಒಂದು ಹಾಳೆಯನ್ನು ಇಡಬಹುದು. ಇಂಥ ದಿನ ಬಿತ್ತು, ಇಂತಿಷ್ಟು ಕಿಲೋಮೀಟರು ಓಡಿತ್ತು, ಎಡಗಡೆಯ ಕೊಳವೆ ಹೊಸದು, ಬಲಗಡೆಯದನ್ನು ಪ್ರೆಸ್ಸಿನಲ್ಲಿ ನೇರಮಾಡಿದೆ, ಕತ್ತಿನ ಬೆಸುಗೆಗೆ ಸುಣ್ಣ ಹಚ್ಚಿ ನೋಡಿದೆ, ಗೆರೆ ಬರಲಿಲ್ಲ, ಡಿಸ್ಕು ಬದಲಾಗಿಲ್ಲ. ಮೆಕ್ಯಾನಿಕ್ಕನ ರುಜು, ತಾರೀಖು. ನೋಂದಣಿ ಪತ್ರ, ವಿಮೆಯ ಪತ್ರಗಳಿರುವ ಪ್ಲಾಸ್ಟಿಕ್ ಕವರಿನಲ್ಲಿಯೇ ಅದನ್ನು ಮಡಿಸಿಟ್ಟರೆ ಸೀಟಿನ ಅಡಿಯಲ್ಲಿ ಹೆಚ್ಚಿನ ಜಾಗವೇನೂ ಬೇಕಾಗುವುದಿಲ್ಲ. ವಾಹನ ಕೈಬದಲಾಗುವಾಗ ಕೀಲಿಯ ಜೊತೆಗೆ ಅದೂ ಹೋಗುತ್ತದೆ.